ಒಂದೇ ಸಂಜೆಗೆ ಎರಡು ದುಃಖಗಳೆ?

ಇಂಗ್ಲೆಂಡಿನ ದೂರದರ್ಶನದವರು ಹಳೆಯ ಚಿತ್ರಗಳೆರಡನ್ನು ಜೋಡಿಸಿ ಒಂದರ ಬೆನ್ನಿಗೊಂದನ್ನು ತೋರಿಸುವುದನ್ನು ಕೆಲವರು ಕಲಾಸೇವೆಯೆಂದು ಕೊಂಡಾಡುವರು. ನಾವು ಒಪ್ಪಲಾರೆವು. ಡೇವಿಡ್ ಲೀನರ ‘ಬ್ರೀಫ್ ಎನ್‌ಕೌಂಟರ್’ (1945) ಚಿತ್ರದಲ್ಲಿ ಲಾರಾ ರೈಲು ನಿಲ್ದಾಣದ ಉಪಾಹಾರಗೃಹದಲ್ಲಿ ತನ್ನ ಪ್ರಿಯನನ್ನು ಕಡೆಯ ಬಾರಿ ಬೀಳ್ಕೊಡುವ ಗಳಿಗೆಯಲ್ಲಿಯೇ ಬಾಯಿಬಡುಕಿ ಪರಿಚಿತೆಯೊಬ್ಬಳು ಬಂದು ಕುಳಿತುಬಿಡುವಳು. ಆತನು ಅವಳ ಹೆಗಲನ್ನೊಮ್ಮೆ ಮೆಲ್ಲನೆ ಒತ್ತಿ ಹೊರಟುಹೋಗುವನು. ಅಷ್ಟೆ! ಆ ಮಾತಿಲ್ಲದ ಸಂಕಟವು ಎದೆಗಿಳಿಯುವ ಮುನ್ನವೇ ಆಸ್ಕ್ವಿತ್ತರ ‘ದಿ ಬ್ರೌನಿಂಗ್ ವರ್ಷನ್’ (1951) ಚಿತ್ರವನ್ನು ಹಚ್ಚಿ, ಶಿಷ್ಯನ ಪುಸ್ತಕದ ಕಾಣಿಕೆಗೆ ಕಟ್ಟೆಯೊಡೆಯುವ ಉಪಾಧ್ಯಾಯನ ಅಳುವನ್ನು ಅದರ ಮೇಲೆ ಸುರಿಯುವುದು ಯಾವ ನ್ಯಾಯ?

ಹಿಂದೆ ಚಿತ್ರಮಂದಿರಗಳಲ್ಲಿಯೂ ಎರಡೆರಡು ಚಿತ್ರಗಳಿದ್ದುವಲ್ಲವೆ ಎನ್ನುವರು. ಇದ್ದುವು, ನಿಜ, ಆದರೆ ಅವುಗಳಲ್ಲೊಂದು ಸಾಮಾನ್ಯವಾಗಿ ಅಗ್ಗದ, ಹಗುರವಾದ ಚಿತ್ರ. ಲೀನರ ಚಿತ್ರವು 86 ನಿಮಿಷಗಳಿಗೇ ಮುಗಿದು ಸಂಜೆಯು ಬರಿದಾಗುವುದೆಂಬ ಭಯವೆ? ಬರಿದಾಗಲಿ, ಆ ವೇಳೆಯು ಪ್ರೇಕ್ಷಕನದು.