ಮನೆಯ ಬೆಕ್ಕು ಮತ್ತು ಚೀಲದ ಆಹಾರ



ಓದುಗ ತಾಯಿಯೊಬ್ಬರು ಬರೆದ ಕಾಗದವೊಂದು ಈ ತಿಂಗಳು ನನ್ನ ಕೈಸೇರಿದೆ. ಅವರದು ಕಟ್ಟುನಿಟ್ಟಾದ ಸಸ್ಯಾಹಾರದ ಮನೆ. ಮಕ್ಕಳ ಹಟಕ್ಕೆ ಬೆಕ್ಕೊಂದು ಬಂದು ಸೇರಿದೆ, ಅದಕ್ಕೆ ಹಾಲು-ಅನ್ನವನ್ನು ಹಾಕುತ್ತ ಬಂದಿದ್ದಾರೆ. ಅಂಗಡಿಯವರು ಒಣ ಆಹಾರದ ಚೀಲವನ್ನು ಕೊಳ್ಳಿರೆನ್ನುತ್ತಾರೆ. ಹತ್ತಾರು ಬಗೆಯ ಚೀಲಗಳಲ್ಲಿ ಯಾವುದು ಸತ್ತ್ವಯುತ, ಯಾವುದು ಬರಿಯ ಬಣ್ಣದ ಮಾತು ಎಂದು ತಿಳಿಯುವ ಬಗೆ ಹೇಗೆಂಬುದು ಅವರ ಪ್ರಶ್ನೆ.

ಇಂಥ ಅಂಕಣದಲ್ಲಿ ಬೆಕ್ಕಿನ ಊಟದ ವಿಚಾರವೇ ಎಂದು ಕೆಲವರು ಹುಬ್ಬೇರಿಸಿಯಾರು. ಆದರೆ ಈ ಪ್ರಶ್ನೆಯನ್ನು ಬದಿಗಿಡುವುದು ನನಗೆ ಸಾಧ್ಯವಾಗದು. ನನ್ನ ಮಗನ ಮನೆ ಇರುವುದು ಮೂರನೆಯ ಮಹಡಿಯಲ್ಲಿ. ಅಲ್ಲಿಯ ಬೆಕ್ಕಿಗೆ ನಾಲ್ಕು ವರ್ಷಗಳ ಕಾಲ ನಾವು ಅಕ್ಕರೆಯಿಂದ ಹಾಕಿದ್ದು ಹಾಲು-ಅನ್ನ ಮತ್ತು ಮೊಸರನ್ನ. ಒಂದು ದಿನ ಅದು ಹೊಸ್ತಿಲಿಗೆ ಹಾಯತೊಡಗಿತು. ಹಾಡುಹಗಲಲ್ಲೂ ಕಣ್ಣಿನ ಪಾಪೆಗಳು ಹಿಗ್ಗಿಕೊಂಡೇ ಇರುತ್ತಿದ್ದವು. ಪಶುವೈದ್ಯರು ಪರೀಕ್ಷಿಸಿ, ಅಕ್ಷಿಪಟಲವು ಕ್ಷಯಿಸಿದೆ, ಹೋದ ದೃಷ್ಟಿ ಮರಳುವುದಿಲ್ಲ ಎಂದರು. ಏನು ತಿನ್ನಿಸುತ್ತಿದ್ದೀರಿ ಎಂದು ಅವರು ಕೇಳಿದಾಗ ಉತ್ತರ ಕೊಡಲು ನನಗೆ ನಾಲಗೆ ಏಳಲಿಲ್ಲ.

ಮಠದಲ್ಲಿ ನಾನು ವಿದ್ಯಾರ್ಥಿಯಾಗಿದ್ದಾಗ ಉಗ್ರಾಣದಲ್ಲಿ ಮೂರು ನಾಲ್ಕು ಬೆಕ್ಕುಗಳಿದ್ದವು. ಹಾಲು ಕುಡಿದೇ ಅವು ಅಷ್ಟು ದಷ್ಟಪುಷ್ಟವಾಗಿವೆಯೆಂದು ನಾವೆಲ್ಲ ನಂಬಿದ್ದೆವು. ಅವುಗಳ ನಿಜವಾದ ಊಟ ರಾತ್ರಿ ಕಾಳಿನ ಮೂಟೆಗಳ ಹಿಂದೆ ನಡೆಯುತ್ತಿತ್ತೆಂಬುದು ನನಗೆ ಹೊಳೆದದ್ದು ಈಚೆಗೆ. ಹಳ್ಳಿಯ ಬೆಕ್ಕಿಗೆ ಹಾಲು-ಅನ್ನ ಕೇವಲ ಉಪಚಾರ, ಇಲಿಯೇ ಆಹಾರ. ಮಹಡಿಯ ಮನೆಯ ಬೆಕ್ಕಿಗೆ ಇಲಿಯೂ ಇಲ್ಲ, ಹೊರಗೆ ಹೋಗುವ ದಾರಿಯೂ ಇಲ್ಲ. ನಾವು ಬಟ್ಟಲಿಗೆ ಹಾಕಿದ್ದೇ ಅದರ ಸರ್ವಸ್ವ.

ಬೆಕ್ಕು ದೇಹರಚನೆಯಿಂದಲೇ ಮಾಂಸಾಹಾರಿ. ನಾಯಿಯಂತೆ ಎಲ್ಲವನ್ನೂ ತಿಂದು ಜೀರ್ಣಿಸಿಕೊಂಡು ಬದುಕುವ ಜೀವಿಯಲ್ಲ. ಟಾರಿನ್ ಎಂಬ ಸತ್ತ್ವವನ್ನು ಸಾಕಷ್ಟು ತಯಾರಿಸಿಕೊಳ್ಳುವ ಶಕ್ತಿ ಅದರ ಶರೀರಕ್ಕಿಲ್ಲ. ಪ್ರಾಣಿಜನ್ಯ ಆಹಾರದಿಂದಲೇ, ಮುಖ್ಯವಾಗಿ ಮಾಂಸದಿಂದ, ಅದು ದೊರೆಯಬೇಕು. ಇದರ ಕೊರತೆಯಿಂದ ಬೆಕ್ಕಿನ ಅಕ್ಷಿಪಟಲ ನಾಶವಾಗುತ್ತದೆಂಬುದನ್ನು ಅಮೆರಿಕದ ವಿಜ್ಞಾನಿಗಳು 1975ರಲ್ಲಿ ಪ್ರಕಟಿಸಿದರು. 1987ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಪಾಲ್ ಪಿಯಾನ್ ಮತ್ತು ಅವರ ಸಹೋದ್ಯೋಗಿಗಳು ಹೃದಯ ಹಿಗ್ಗಿ ಸಾಯುವ ಬೆಕ್ಕುಗಳ ರೋಗಕ್ಕೂ ಇದೇ ಕೊರತೆ ಕಾರಣವೆಂದು ತೋರಿಸಿದರು. ಆ ಬೆಕ್ಕುಗಳಲ್ಲಿ ಹಲವು ಅಂಗಡಿಯ ಸಿದ್ಧ ಆಹಾರವನ್ನೇ ತಿನ್ನುತ್ತಿದ್ದವೆಂಬುದು ಗಮನಾರ್ಹ. ಅಲ್ಲಿಂದ ಮುಂದೆ ತಯಾರಕರು ಟಾರಿನ್ ಪ್ರಮಾಣವನ್ನು ಹೆಚ್ಚಿಸಿದರು. ಇಷ್ಟೇ ಅಲ್ಲ, ಗಜ್ಜರಿಯಲ್ಲಿರುವ ಹಳದಿ ಸತ್ತ್ವವನ್ನು ನಮ್ಮ ದೇಹ ಎ ಜೀವಸತ್ತ್ವವಾಗಿ ಮಾರ್ಪಡಿಸಿಕೊಳ್ಳುತ್ತದೆ, ಬೆಕ್ಕಿನ ದೇಹಕ್ಕೆ ಅದು ಸಾಧ್ಯವಿಲ್ಲ.

ಇನ್ನು ಚೀಲವನ್ನು ಕೈಗೆತ್ತಿಕೊಳ್ಳೋಣ. ಮುಂಭಾಗದ ಚಿತ್ರವನ್ನೂ ಘೋಷಣೆಗಳನ್ನೂ ಬಿಟ್ಟು ಹಿಂಭಾಗದ ಸಣ್ಣ ಅಕ್ಷರಗಳನ್ನು ಓದಬೇಕು. ಮೊದಲು ನೋಡತಕ್ಕದ್ದು, ಇದು ವಯಸ್ಕ ಬೆಕ್ಕುಗಳಿಗೆ ಪರಿಪೂರ್ಣ ಹಾಗೂ ಸಮತೋಲ ಆಹಾರವೆಂಬ ಸ್ಪಷ್ಟ ಹೇಳಿಕೆ ಇದೆಯೇ ಎಂಬುದನ್ನು. ಪೂರಕ ಆಹಾರವೆಂದಷ್ಟೇ ಬರೆದಿದ್ದರೆ ಅದು ತಿಂಡಿಯೇ ಹೊರತು ಊಟವಲ್ಲ. ಅಮೆರಿಕದ ಆಫ್ಕೊ ಎಂಬ ಸಂಘವು ವಯಸ್ಕ ಬೆಕ್ಕಿನ ಆಹಾರದಲ್ಲಿ, ತೇವಾಂಶವನ್ನು ಕಳೆದು ಲೆಕ್ಕ ಹಾಕಿದಾಗ, ಪ್ರೋಟೀನು ಕನಿಷ್ಠ ಶೇಕಡಾ 26, ಕೊಬ್ಬು ಶೇಕಡಾ 9, ಒಣ ಆಹಾರದಲ್ಲಿ ಟಾರಿನ್ ಶೇಕಡಾ 0.10 ಇರಬೇಕೆಂದು ನಿಗದಿಪಡಿಸಿದೆ. ಈ ಸಂಘ ತಾನಾಗಿ ಯಾವ ಆಹಾರವನ್ನೂ ಪರೀಕ್ಷಿಸಿ ಮುದ್ರೆ ಒತ್ತುವುದಿಲ್ಲ. ಆದುದರಿಂದ ಅದರ ಅನುಮೋದನೆ ದೊರೆತಿದೆಯೆಂದು ಯಾರಾದರೂ ಹೇಳಿದರೆ ಆ ಮಾತು ತಪ್ಪು. ಅದರ ಮಾನದಂಡಕ್ಕೆ ಹೊಂದುತ್ತದೆಂಬುದು ತಯಾರಕನ ಹೇಳಿಕೆ ಮಾತ್ರ.

ತೇವಾಂಶ ಕಳೆಯುವ ಲೆಕ್ಕ ಕಠಿಣವೇನಲ್ಲ. ಒಂದು ಚೀಲದ ಮೇಲೆ ಪ್ರೋಟೀನು 32, ಕೊಬ್ಬು 12, ನಾರು 4, ತೇವಾಂಶ 10, ಬೂದಿ 8 ಎಂದಿದೆಯೆನ್ನಿ. ತೇವಾಂಶವನ್ನು ಬಿಟ್ಟರೆ ಉಳಿಯುವುದು 90 ಪಾಲು. 32ನ್ನು 90ರಿಂದ ಭಾಗಿಸಿ ನೂರರಿಂದ ಗುಣಿಸಿದರೆ ಪ್ರೋಟೀನು ಶೇಕಡಾ 35.5ರಷ್ಟಾಯಿತು. ಮೇಲಿನ ಐದೂ ಅಂಕಿಗಳನ್ನು ಕೂಡಿಸಿ ನೂರರಲ್ಲಿ ಕಳೆದರೆ 34 ಉಳಿಯುತ್ತದೆ. ಅದು ಪಿಷ್ಟ. ಈ ಅಂಕಿಯನ್ನು ಚೀಲದ ಮೇಲೆ ಸಾಮಾನ್ಯವಾಗಿ ಬರೆದಿರುವುದಿಲ್ಲ, ನಾವೇ ಕಂಡುಕೊಳ್ಳಬೇಕು. ಡಬ್ಬಿಯ ಹಸಿ ಆಹಾರದಲ್ಲಿ ಪ್ರೋಟೀನು ಬರಿಯ 9 ಎಂದು ಕಂಡು ಕೆಲವರು ಮೂಗು ಮುರಿಯುತ್ತಾರೆ. ಅದರಲ್ಲಿ ನೀರೇ 80 ಪಾಲಿದ್ದರೆ ಉಳಿದ 20ರಲ್ಲಿ 9 ಎಂದರೆ ಶೇಕಡಾ 45 ಆಯಿತಲ್ಲವೇ?

ಅಂಕಿಯೊಂದನ್ನೇ ನಂಬುವಂತೆಯೂ ಇಲ್ಲ. ಪ್ರಯೋಗಶಾಲೆಯಲ್ಲಿ ಅಳೆಯುವುದು ಸಾರಜನಕವನ್ನು. ಅದನ್ನು 6.25ರಿಂದ ಗುಣಿಸಿ ಪ್ರೋಟೀನು ಎನ್ನುತ್ತಾರೆ. ಹಕ್ಕಿಯ ಗರಿಯಲ್ಲೂ ಸಾರಜನಕವಿದೆ, ಆದರೆ ಅದರ ಪ್ರೋಟೀನು ಕೋಳಿಯ ಮಾಂಸದ್ದಕ್ಕೆ ಸಮನಲ್ಲ. 2007ರಲ್ಲಿ ಉತ್ತರ ಅಮೆರಿಕದಲ್ಲಿ ಅನೇಕ ಬೆಕ್ಕು ನಾಯಿಗಳು ಮೂತ್ರಪಿಂಡ ಕೆಟ್ಟು ಸತ್ತವು. ಚೀನಾದಿಂದ ತರಿಸಿದ್ದ ಗೋಧಿಯ ಸತ್ತ್ವದಲ್ಲಿ ಮೆಲಮಿನ್ ಎಂಬ ರಾಸಾಯನಿಕ ಬೆರೆತಿತ್ತು. ಅದರಲ್ಲಿ ಸಾರಜನಕ ಹೇರಳವಾದುದರಿಂದ ಪರೀಕ್ಷೆಯಲ್ಲಿ ಪ್ರೋಟೀನು ಹೆಚ್ಚಿದಂತೆ ಕಾಣುತ್ತಿತ್ತು. ಹಾಲಿಗೆ ನೀರು ಬೆರೆಸುವವರನ್ನು ಬಲ್ಲ ನಮಗೆ ಇದು ತೀರ ಹೊಸ ವಿದ್ಯೆಯೆನಿಸದು.

ಆದುದರಿಂದ ಪದಾರ್ಥಗಳ ಪಟ್ಟಿಯನ್ನೂ ಓದಬೇಕು. ತೂಕದಲ್ಲಿ ಹೆಚ್ಚಿನದು ಮೊದಲು ಬರುವುದು ವಾಡಿಕೆ. ಹಸಿ ಕೋಳಿಮಾಂಸ ಮೊದಲಿದ್ದ ಮಾತ್ರಕ್ಕೆ ಹಿಗ್ಗಬೇಕಿಲ್ಲ. ಅದರಲ್ಲಿ ಸುಮಾರು ಶೇಕಡಾ 70 ನೀರು, ಒಣಗಿದ ಮೇಲೆ ಅದರ ಸ್ಥಾನ ಕೆಳಗಿಳಿಯುತ್ತದೆ. ಒಣಗಿಸಿದ ಮಾಂಸದ ಪುಡಿಯ ಲೆಕ್ಕ ಹಾಗಲ್ಲ. ಮೆಕ್ಕೆಜೋಳವನ್ನೇ ಹಿಟ್ಟು, ನುಚ್ಚು, ಸತ್ತ್ವ ಎಂದು ಮೂರು ಕಡೆ ಒಡೆದು ಬರೆದರೆ ಒಂದೊಂದೂ ಕೆಳಗೆ ಸರಿಯುತ್ತದೆ, ಕೂಡಿಸಿದಾಗ ಅದೇ ಮೇಲೆ ನಿಲ್ಲುತ್ತದೆ. ಪಶುವಿನ ಮೂಲ ಯಾವುದೆಂದು ಹೆಸರಿಸಿರುವ ಚೀಲವನ್ನು ನಾನು ಹೆಸರಿಸದ ಚೀಲಕ್ಕಿಂತ ಮೇಲೆಂದು ಎಣಿಸುತ್ತೇನೆ.

ಒಣ ಆಹಾರಕ್ಕೆ ಸಹಜವಾದ ಒಂದು ಕೊರತೆಯುಂಟು, ಅದು ನೀರು. ಬೆಕ್ಕಿನ ಪೂರ್ವಜರು ಮರುಭೂಮಿಯ ಅಂಚಿನವರು. ಬೇಟೆಯ ದೇಹದಲ್ಲಿರುವ ನೀರಿನಿಂದಲೇ ಬಹುಪಾಲು ಬದುಕಿದವರು. ಹೀಗಾಗಿ ಬೆಕ್ಕಿಗೆ ಬಾಯಾರಿಕೆ ಕಡಿಮೆ. ಎರಡು ಮೂರು ಕಡೆ ಶುಭ್ರವಾದ ನೀರಿಡಬೇಕು, ಸಾಧ್ಯವಾದರೆ ದಿನಕ್ಕೊಮ್ಮೆ ಹಸಿ ಆಹಾರವನ್ನೂ ಕೊಡಬೇಕು. ಗಂಡು ಬೆಕ್ಕು ಪದೇಪದೇ ಮೂತ್ರಕ್ಕೆ ಕುಳಿತು ಹನಿಯೂ ಬಾರದಿದ್ದರೆ ಮರುದಿನಕ್ಕೆ ಕಾಯದೆ ವೈದ್ಯರಲ್ಲಿಗೆ ಒಯ್ಯಬೇಕು. ಅದು ಪ್ರಾಣಾಪಾಯದ ಲಕ್ಷಣ.

ಮನೆಯೊಳಗಿರುವ ನಾಲ್ಕು ಕಿಲೋ ತೂಕದ ಬೆಕ್ಕಿಗೆ ದಿನಕ್ಕೆ 200ರಿಂದ 250 ಕ್ಯಾಲೊರಿ ಸಾಕು. ನೂರು ಗ್ರಾಮಿಗೆ 350 ಕ್ಯಾಲೊರಿ ಇರುವ ಆಹಾರವಾದರೆ 60ರಿಂದ 70 ಗ್ರಾಂ. ಬಟ್ಟಲನ್ನು ಸದಾ ತುಂಬಿಡುವುದು ಪ್ರೀತಿಯಲ್ಲ, ಬೊಜ್ಜಿಗೆ ಆಹ್ವಾನ. ಬಿಡಿಯಾಗಿ ತೂಗಿ ಮಾರುವ ಆಹಾರವನ್ನು ಕೊಳ್ಳದಿರುವುದು ಲೇಸು. ಚೀಲ ತೆರೆದ ಬಳಿಕ ಕೊಬ್ಬು ಗಾಳಿಗೆ ಕಮಟುತ್ತದೆ, ತಯಾರಾದ ದಿನಾಂಕವೂ ನಮಗೆ ತಿಳಿಯದು.

ಕೊನೆಗೆ ತಾಯಿಯವರ ಕಾಗದದಲ್ಲಿ ಬಾಯಿಬಿಟ್ಟು ಹೇಳದ ಪ್ರಶ್ನೆ. ಮಾಂಸವಿರುವ ಚೀಲವನ್ನು ನಮ್ಮಂಥ ಮನೆಯೊಳಗೆ ತರುವುದೆಂತು? ಬರಿಯ ಸಸ್ಯಮೂಲದ ಬೆಕ್ಕಿನ ಆಹಾರಗಳೂ ಉಂಟು. ಕಾರ್ಖಾನೆಯಲ್ಲಿ ರಾಸಾಯನಿಕವಾಗಿ ತಯಾರಿಸಿದ ಟಾರಿನ್ನನ್ನು ಅವುಗಳಿಗೆ ಸೇರಿಸುತ್ತಾರೆ. ಆದರೆ 2004ರಲ್ಲಿ ಅಮೆರಿಕದಲ್ಲಿ ಇಂಥ ಎರಡು ಆಹಾರಗಳನ್ನು ಪರೀಕ್ಷಿಸಿದಾಗ ಎರಡರಲ್ಲಿಯೂ ಪೋಷಕಾಂಶಗಳ ಕೊರತೆ ಕಂಡುಬಂದಿತ್ತು. ವ್ರತ ನಮ್ಮದು, ಬೆಕ್ಕಿನದಲ್ಲ. ನಮ್ಮ ವ್ರತದ ಭಾರವನ್ನು ಮೂಕಪ್ರಾಣಿಯ ಕಣ್ಣು ತೆರಬೇಕಾಗಿ ಬಂದುದನ್ನು ನಾನು ಮನೆಯಲ್ಲೇ ಕಂಡಿದ್ದೇನೆ. ಚೀಲವನ್ನು ಮುಟ್ಟಲು ಮನಸ್ಸೊಪ್ಪದ ಮನೆಯವರು ಬೆಕ್ಕನ್ನು ಸಾಕದಿರುವುದೇ ಸರಿ. ಸಾಕಿದವರು ಅದಕ್ಕೊಂದು ಬಟ್ಟಲು, ಒಂದು ಮೂಲೆ, ಒಂದು ಮುಚ್ಚಳದ ಡಬ್ಬಿಯನ್ನು ಬೇರೆಯಾಗಿ ಇಟ್ಟರಾಯಿತು. ನಮ್ಮಲ್ಲಿ ಈಗ ಹಾಗೆಯೇ ನಡೆಯುತ್ತಿದೆ.

ತಾಯಿಯವರು ಒಮ್ಮೆಲೇ ಆಹಾರ ಬದಲಿಸಬಾರದು. ಹಳೆಯ ಊಟದಲ್ಲಿ ಹೊಸದನ್ನು ಸ್ವಲ್ಪಸ್ವಲ್ಪವೇ ಬೆರೆಸುತ್ತ ಹತ್ತು ದಿನಗಳಲ್ಲಿ ಪೂರ್ಣ ಬದಲಿಸಲಿ. ಹಸಿದರೆ ತಾನೇ ತಿಂದೀತೆಂದು ಉಪವಾಸ ಕೆಡವಬಾರದು, ಎರಡು ಮೂರು ದಿನ ತಿನ್ನದ ಬೆಕ್ಕಿನ ಯಕೃತ್ತು ಕೆಡುತ್ತದೆ. ಈರುಳ್ಳಿ, ಬೆಳ್ಳುಳ್ಳಿ ಬಿದ್ದ ಸಾರನ್ನಂತೂ ಎಂದಿಗೂ ಹಾಕಬಾರದು, ಅದು ಬೆಕ್ಕಿನ ರಕ್ತಕ್ಕೆ ವಿಷ. ಮತ್ತು ಒಮ್ಮೆ ಕಣ್ಣುಗಳನ್ನೂ ಹೃದಯವನ್ನೂ ಪಶುವೈದ್ಯರಿಗೆ ತೋರಿಸಲಿ, ತಡಮಾಡದೆ.