‘ಉತ್ತರಿಸಬೇಡಿ’ ಅಂತ ಹೆಸರಿಟ್ಕೊಂಡವರಿಗೆ ಒಂದು ಉತ್ತರ

ಯಾರೋ ಮನೆ ಬಾಗಿಲಿಗೆ ಬಂದು “ಸೀರೆ ಮೇಲೆ ಶೇ. 40 ರಿಯಾಯಿತಿ, ಬನ್ನಿ ಬನ್ನಿ” ಅಂತ ಕೂಗಿ, ನೀವು ಬಾಯಿ ತೆಗೆಯೋ ಹೊತ್ತಿಗೆ ಕಿವಿಗೆ ಹತ್ತಿ ತುರುಕ್ಕೊಂಡು ನಿಂತ್ರೆ ಏನ್ಮಾಡ್ತೀರಿ? ಬಾಗಿಲು ಹಾಕ್ಕೋತೀರಿ ತಾನೆ? ನಮ್ಮ ಕಂಪನಿಗಳ ಮಾರ್ಕೆಟಿಂಗ್‌ನವರು ದಿನಾ ‘ನೋರಿಪ್ಲೈ’ ಅನ್ನೋ ವಿಳಾಸದಿಂದ ಮಾಡ್ತಾ ಇರೋದು ಇದನ್ನೇ. ಆಮೇಲೆ ನಮ್ಮಂಥ ಇಂಜಿನಿಯರುಗಳ ಹತ್ರ ಬಂದು “ಮೇಲೆಲ್ಲಾ ಸ್ಪ್ಯಾಮ್‌ಗೆ ಹೋಗ್ತಿದೆ, ಸರ್ವರ್ ನೋಡ್ರೀ” ಅಂತಾರೆ.

ಸರ್ವರ್ ಚೆನ್ನಾಗೇ ಇದೆ ಸ್ವಾಮಿ. ಸಬ್ಜೆಕ್ಟ್ ಲೈನಿಗೆ ನಾಲ್ಕು ಮೀಟಿಂಗ್ ಮಾಡ್ತೀರಲ್ಲ, ಮೇಲ್ ಯಾರ ಹೆಸರಲ್ಲಿ ಹೋಗ್ಬೇಕು ಅನ್ನೋದಕ್ಕೆ ನಾಲ್ಕು ನಿಮಿಷ ಕೊಟ್ಟಿದೀರಾ?

ಈ ಉಡಾಫೆ ಎಲ್ಲಿಗೆ ಮುಟ್ಟುತ್ತೆ ಅನ್ನೋದಕ್ಕೆ ಒಂದು ಹಳೇ ಕಥೆ ಇದೆ. ಸಿಯಾಟಲ್‌ನ ಪ್ರೋಗ್ರಾಮರ್ ಚೆಟ್ ಫಾಲಿಝೆಕ್ ಎಂಬಾತ 2000ದಲ್ಲಿ ‘ಡುನಾಟ್‌ರಿಪ್ಲೈ ಡಾಟ್ ಕಾಮ್’ ಡೊಮೈನ್ ತಗೊಂಡ. ಅದು ಯಾರದ್ದೂ ಅಲ್ಲ ಅಂದ್ಕೊಂಡ ಕಂಪನಿಗಳು, ಬ್ಯಾಂಕುಗಳು ಸಹ, ಅದನ್ನೇ ಕಳಿಸುವವರ ವಿಳಾಸವಾಗಿ ಹಾಕಿಬಿಟ್ವು. ಗ್ರಾಹಕರು ಕೊಟ್ಟ ಉತ್ತರ, ತಲುಪದೆ ವಾಪಸ್ ಬಂದ ಮೇಲ್, ಎಲ್ಲಾ ಈ ಪುಣ್ಯಾತ್ಮನ ಇನ್‌ಬಾಕ್ಸಿಗೆ! ಅವನು ಮಜವಾದವನ್ನೆಲ್ಲ ಬ್ಲಾಗಿಗೆ ಹಾಕ್ತಿದ್ದ. 2008ರಲ್ಲಿ ವಾಷಿಂಗ್ಟನ್ ಪೋಸ್ಟ್ ಇದರ ಬಗ್ಗೆ ಬರೆದಾಗ ಲೋಕಕ್ಕೆಲ್ಲ ಗೊತ್ತಾಯ್ತು.

‘ನೋರಿಪ್ಲೈ’ ಅನ್ನೋ ಪದ ಕಂಡ ತಕ್ಷಣ ಜೀಮೇಲ್ ಮಾರ್ಕ್ಸ್ ಕಟ್ ಮಾಡುತ್ತೆ ಅಂತ ಕೆಲವರು ಬರೀತಾರೆ. ಅಷ್ಟು ದೂರ ನಾನು ಹೋಗಲ್ಲ. ನನ್ನ ತಕರಾರು ಬೇರೆ. “ಇನ್ಮೇಲೆ ಕಳಿಸ್ಬೇಡಿ” ಅಂತ ಒಂದು ಸಾಲು ಬರೆದು ಹೇಳೋ ದಾರಿಯನ್ನೇ ನೀವು ಮುಚ್ಚಿಬಿಟ್ರೆ, ಕೋಪ ಬಂದ ಮನುಷ್ಯನ ಕೈಗೆ ಉಳಿಯೋದು ‘ಸ್ಪ್ಯಾಮ್’ ಬಟನ್ ಒಂದೇ. ಅವನು ಅದನ್ನೇ ಒತ್ತುತ್ತಾನೆ. ಗೂಗಲ್ ಹಾಕಿರೋ ಗೆರೆ 0.3 ಶೇಕಡಾ. ಅಂದ್ರೆ ಸಾವಿರಕ್ಕೆ ಮೂರು ಜನ. ಸಾವಿರದಲ್ಲಿ ಮೂರು ಜನರಿಗೆ ಸಿಟ್ಟು ಬರಿಸೋದು ಎಷ್ಟು ಸುಲಭ ಯೋಚ್ನೆ ಮಾಡಿ. “ಉತ್ತರ ಓದೋಕೆ ನಮ್ಮಲ್ಲಿ ಜನ ಇಲ್ಲ” ಅಂತಾರೆ. ಒಂದು ಲಕ್ಷ ಮೇಲ್ ಕಳಿಸೋಕೆ ದುಡ್ಡಿದೆ, ಬಂದ ನಲವತ್ತು ಓದೋಕೆ ಒಬ್ಬ ಮನುಷ್ಯ ಇಲ್ವಂತೆ!

ಇದಕ್ಕಿಂತ ದೊಡ್ಡ ತಪ್ಪು ಡೊಮೈನಿನದ್ದು. ನಾನು ಮುಂಚೆ ಇದ್ದ ಒಂದು ಕಂಪನಿಯಲ್ಲಿ ದೀಪಾವಳಿ ಆಫರನ್ನ, ವರ್ಷಗಟ್ಟಲೆ ಮುಟ್ಟದ ಹಳೇ ಪಟ್ಟಿಗೆ, ಮುಖ್ಯ ಡೊಮೈನಿನಿಂದಲೇ ಸುರಿದರು. ಬೇಡ, ಸಬ್‌ಡೊಮೈನ್ ಮಾಡ್ಕೊಡ್ತೀವಿ ಅಂದ್ವಿ. “ಬ್ರಾಂಡ್ ಚೆನ್ನಾಗಿ ಕಾಣಲ್ಲ” ಅಂದ್ರು. ಎರಡೇ ದಿನಕ್ಕೆ ಪಾಸ್‌ವರ್ಡ್ ಬದಲಾಯಿಸೋ ಮೇಲು, ಓಟಿಪಿ, ಎಚ್‌ಆರ್ ಕಳಿಸೋ ಪತ್ರ, ಎಲ್ಲಾ ಸ್ಪ್ಯಾಮಿನಲ್ಲಿ. ಹಾಸನದ ಕಡೆ ಹುಡುಗಿಯೊಬ್ಬಳ ಆಫರ್ ಲೆಟರ್ ಹಾಗೇ ಅಲ್ಲಿ ಬಿದ್ದಿತ್ತು. ಕೊನೇ ದಿನ ಅವಳೇ ಫೋನ್ ಮಾಡಿ ಕೇಳಿದ್ದಕ್ಕೆ ಗೊತ್ತಾಯ್ತು. ಕೇಳದೇ ಇದ್ದಿದ್ರೆ? ಆಫರ್ ಮೇಲಿನಿಂದ ಎಷ್ಟು ಕುರ್ತಾ ಮಾರಾಟವಾಯ್ತು ಅನ್ನೋ ಲೆಕ್ಕ ಮಾತ್ರ ಸ್ಲೈಡಿನಲ್ಲಿ ಬಂತು.

ಒಳಗೆ ನಡೆಯೋದು ಇಷ್ಟು. ಮೇಲಿಗೆ ಎರಡು ವಿಳಾಸ. ಲಕೋಟೆ ಮೇಲಿನದ್ದು ಒಂದು, ತಲುಪದ ಮೇಲ್ ವಾಪಸ್ ಹೋಗೋದು ಅಲ್ಲಿಗೆ. ನಿಮ್ಮ ಕಣ್ಣಿಗೆ ಕಾಣೋ ‘ಫ್ರಮ್’ ಇನ್ನೊಂದು. ಲಕೋಟೆಯದ್ದನ್ನ ಎಸ್‌ಪಿಎಫ್ ಪರೀಕ್ಷೆ ಮಾಡುತ್ತೆ, ಡಿಕಿಮ್ ಅನ್ನೋದು ಅರಗಿನ ಮುದ್ರೆ ಥರ. ಇವೆರಡರಲ್ಲಿ ಒಂದಾದ್ರೂ ಕಾಣೋ ‘ಫ್ರಮ್’ ಡೊಮೈನಿಗೆ ಹೊಂದುತ್ತಾ ಅಂತ ಕೇಳೋದು ಡಿಮಾರ್ಕ್. ಜೀಮೇಲಿಗೆ ದಿನಕ್ಕೆ 5,000ಕ್ಕಿಂತ ಹೆಚ್ಚು ಕಳಿಸೋರಿಗೆ 2024ರ ಫೆಬ್ರವರಿಯಿಂದ ಇವು ಮೂರೂ ಕಡ್ಡಾಯ. ಯಾಹೂ ಕೂಡ ಆಗಲೇ ಸೇರ್ಕೊಳ್ತು, ಮೈಕ್ರೋಸಾಫ್ಟ್ 2025ರ ಮೇ ತಿಂಗಳಲ್ಲಿ.

ಆಮೇಲೆ ಅತಿಬುದ್ಧಿವಂತರು ಇರ್ತಾರೆ. ಹಳೇ ಡೊಮೈನ್ ಕೆಟ್ಟೋಯ್ತಾ, ಕಂಪನಿ ಹೆಸರಿಗೆ ‘ಆಫರ್ಸ್’ ಅಂತ ಬಾಲ ಅಂಟಿಸಿ ಹೊಸದೊಂದು ತಗೊಳ್ಳೋದು! ಹೊಸ ಡೊಮೈನಿಗೆ ಯಾವ ಗುರುತೂ ಇರಲ್ಲ, ಫಿಲ್ಟರುಗಳು ಅನುಮಾನದಿಂದಲೇ ನೋಡ್ತವೆ. ಕಳ್ಳರು ಮಾಡೋದೂ ಥೇಟ್ ಇದನ್ನೇ ಅಲ್ವಾ? ರಿಸರ್ವ್ ಬ್ಯಾಂಕ್ 2025ರಲ್ಲಿ ಎಲ್ಲಾ ಬ್ಯಾಂಕುಗಳಿಗೂ ಅಕ್ಟೋಬರ್ 31ರೊಳಗೆ ‘ಬ್ಯಾಂಕ್ ಡಾಟ್ ಇನ್’ಗೆ ಬನ್ನಿ ಅಂತ ಹೇಳಿದ್ದು ಸುಮ್ನೆ ಅಲ್ಲ. ನಿಜವಾದ ವಿಳಾಸ ಯಾವುದು, ನಕಲಿ ಯಾವುದು ಅಂತ ನಮ್ಮ ಅಪ್ಪ ಅಮ್ಮಂದಿರಿಗೆ ಗೊತ್ತಾಗದ ಹಾಗೆ ಮಾಡಿರೋದ್ರಲ್ಲಿ ಈ ಬಾಲದ ಡೊಮೈನುಗಳ ಪಾಲೂ ಇದೆ.

ನಮ್ಮ ಬ್ಲಾಗಿಗ ಗೆಳೆಯರಿಗೂ ಒಂದು ಮಾತು. ಪುಸ್ತಕ ಬಿಡುಗಡೆಯ ಕರೆಯೋಲೆನ ಯಾವುದೋ ಬಲ್ಕ್ ಟೂಲಿನಲ್ಲಿ, ‘ಫ್ರಮ್’ ಜಾಗದಲ್ಲಿ ನಿಮ್ಮ ಜೀಮೇಲ್ ವಿಳಾಸ ಹಾಕಿ ಕಳಿಸ್ತೀರಲ್ಲ, ಜೀಮೇಲಿನ ಮುದ್ರೆ ಆ ಟೂಲಿನ ಹತ್ರ ಇರಲ್ಲ. 2014ರ ಏಪ್ರಿಲ್‌ನಲ್ಲಿ ಯಾಹೂ ಇಂಥ ಮೇಲನ್ನೆಲ್ಲ ತಿರಸ್ಕರಿಸಿ ಅಂತ ನಿಯಮ ಬದಲಿಸಿದಾಗ ಎಷ್ಟೋ ಮೇಲಿಂಗ್ ಲಿಸ್ಟುಗಳು ರಾತ್ರೋರಾತ್ರಿ ಅಸ್ತವ್ಯಸ್ತವಾದ್ವು. ಸ್ವಂತ ಡೊಮೈನ್ ತಗೊಳ್ಳಿ. ಆಗದಿದ್ರೆ ಐವತ್ತು ಜನಕ್ಕೆ ಜೀಮೇಲಿನಿಂದಲೇ ನೇರವಾಗಿ ಬರೀರಿ, “ಬರ್ತೀನಿ” ಅಂತ ಅವರು ಬರೆದದ್ದೂ ನಿಮಗೇ ಬರುತ್ತೆ.