ಹಳೆಯ ಧರ್ಮಶಾಸ್ತ್ರವು ಸತ್ತಿತೇ?

ಬೆಂಗಳೂರು ದಂಡಿನ ಕಡೆ, ಶಿವಾಜಿನಗರ ಹಲಸೂರುಗಳಿಂದ ಕೃಷ್ಣರಾಜಪುರದವರೆಗೆ, ಹೊಸ ಒಡಂಬಡಿಕೆಯು ಬಂದುದರಿಂದ ಮೋಶೆಯ ಧರ್ಮಶಾಸ್ತ್ರವು ಸತ್ತಿತೆಂದು ಬೋಧಿಸುವ ಕ್ರೈಸ್ತರುಂಟು. (ಕನ್ನಡ ಸತ್ಯವೇದವು ಆ ವಿಧಿಗಳಿಗೆ ಧರ್ಮಶಾಸ್ತ್ರವೆಂದು ಹೆಸರಿಟ್ಟುದು ಬಹು ಉಚಿತ.) ಆದರೆ ಹೊಸ ಒಡಂಬಡಿಕೆಯೆಂಬ ಮಾತೇ ಹಳೆಯ ಗ್ರಂಥದ್ದು! ಯೆರೆಮೀಯನ 31ನೆಯ ಅಧ್ಯಾಯವನ್ನು ವಾಚಕರು ನೋಡಬಹುದು. ಅಲ್ಲಿ ದೇವರು ತನ್ನ ಶಾಸ್ತ್ರವನ್ನೇ ಜನರ ಹೃದಯದ ಮೇಲೆ ಬರೆಯುವನು. ಪೌಲನು ಗಲಾತ್ಯದವರಿಗೆ ಸುನ್ನತಿ ಬೇಡವೆಂದನಲ್ಲವೇ ಎಂದರೆ, ಅಹುದು. ನೆರೆಯವನನ್ನು ಪ್ರೀತಿಸೆಂಬ ವಿಧಿಯಲ್ಲಿ ಸಮಸ್ತ ಶಾಸ್ತ್ರವೂ ಅಡಗಿದೆಯೆಂದು ಅದೇ ಪತ್ರದಲ್ಲಿ ಬರೆದವನೂ ಅವನೇ. ಆ ವಿಧಿಯೂ ಮೋಶೆಯದೇ. ಕರ್ಮಾಂಗವೊಂದನ್ನು ಬಿಟ್ಟ ಮಾತ್ರಕ್ಕೆ ಧರ್ಮವೇ ಬಿಟ್ಟುಹೋದೀತೇ? ಹಳೆಯ ಗ್ರಂಥವನ್ನು ಪೂರ್ತಿಯಾಗಿ ತಳ್ಳಿದ ಮಾರ್ಸಿಯನನನ್ನು ರೋಮಿನ ಸಭೆಯು ಕ್ರಿ.ಶ. 144ರ ಸುಮಾರಿನಲ್ಲಿ ಹೊರಹಾಕಿತು. ಅವನಾದರೋ ತನ್ನ ಮಾತಿಗೆ ನಿಂತವನು. ಇವರು ಶಾಸ್ತ್ರವು ಸತ್ತಿತೆನ್ನುತ್ತಲೇ ಅದರ ದಶಮಾಂಶವನ್ನು ಮಾತ್ರ ಬಿಡದೆ ಎತ್ತುವರು.